ಕೆಲಸದ ಹೊತ್ತು, ಕೆಲಸಗಾರರ ವಯಸ್ಸು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಒಂದೇ ಪ್ರಶ್ನೆ ಹಲವರ ಬಾಯಲ್ಲಿ ಹಲವು ಬಗೆಯಲ್ಲಿ ಬರುತ್ತಿದೆ. "ಸೀನಿಯರ್‌ಗಳಿಗೆಲ್ಲ ಮನೆಯಿಂದ ಕೆಲಸ, ಹೊಸಬರಿಗೆ ಮಾತ್ರ ವಾರವಿಡೀ ಆಫೀಸು. ಇದು ಯಾವ ನ್ಯಾಯ?" ಎಂದು ಈಚೆಗೆ ನೌಕರಿಗೆ ಸೇರಿದ ಹುಡುಗರು ಕೇಳುತ್ತಾರೆ. "ಹುಡುಗರು ಲ್ಯಾಪ್‌ಟಾಪ್ ಹಿಡಿದು ಊರಲ್ಲೇ ಕೂತುಬಿಡುತ್ತಾರೆ, ಆಫೀಸಿಗೆ ಬಂದು ಗ್ರಾಹಕರಿಗೆ ಉತ್ತರ ಹೇಳುವವರು ನಾವೇ" ಎಂದು ನಿವೃತ್ತಿಗೆ ಹತ್ತಿರವಾದವರು ಬರೆಯುತ್ತಾರೆ. ಸಣ್ಣ ಕಂಪನಿಗಳ ಎಚ್‌ಆರ್ ವಿಭಾಗದವರಂತೂ ನೇರವಾಗಿ ಕೇಳಿಬಿಡುತ್ತಾರೆ: ಇಂಥ ವಯಸ್ಸಿನವರಿಗೆ ವಾರಕ್ಕೆ ಇಷ್ಟು ದಿನ ಮನೆಯಿಂದ ಕೆಲಸ ಎಂದು ಒಂದು ನಿಯಮ ಮಾಡಿದರೆ ಜಗಳ ತಪ್ಪುತ್ತದಲ್ಲವೇ?

ನಿಯಮ ಮಾಡಿ, ಆದರೆ ವಯಸ್ಸಿನ ಮೇಲೆ ಬೇಡ ಎನ್ನುವುದು ನನ್ನ ಉತ್ತರ. ಮೂವತ್ತೆರಡರ ತಾಯಿಗೂ ಐವತ್ತೆಂಟರ ಮಗನಿಗೂ ದಿನದಲ್ಲಿ ಬಿಡುವು ಬೇಕಾಗಿರುವುದು ಅದೇ ಎರಡು ಗಂಟೆ ಇರಬಹುದು, ಒಬ್ಬರಿಗೆ ಕೂಸಿಗಾಗಿ, ಇನ್ನೊಬ್ಬರಿಗೆ ಹಾಸಿಗೆ ಹಿಡಿದ ತಂದೆಗಾಗಿ. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರಿಗೆ ಮನೆಯಲ್ಲೇ ಇರಬೇಕು, ಇನ್ನೊಬ್ಬರಿಗೆ ಮನೆಯಿಂದ ಹೊರಬಿದ್ದರೆ ಸಾಕಾಗಿರುತ್ತದೆ. ವಯಸ್ಸಿನಿಂದ ಇದ್ಯಾವುದೂ ಗೊತ್ತಾಗುವುದಿಲ್ಲ. ಹಿರಿಯರು ಮತ್ತು ಕಿರಿಯರ ನಡುವೆ ನಿಜಕ್ಕೂ ಇರುವ ವ್ಯತ್ಯಾಸ ಬೇರೆ: ಕೆಲವರಿಗೆ ಕೆಲಸ ಗೊತ್ತಿದೆ, ಕೆಲವರು ಅದನ್ನು ಅವರಿಂದ ಕಲಿಯಬೇಕಾಗಿದೆ. ಮನೆಯಿಂದ ಕೆಲಸ ಮಾಡುವ ಬಗ್ಗೆ ಇಷ್ಟೆಲ್ಲ ಮಾತಾಡುವ ನಾವು ಇದರ ಬಗ್ಗೆ ಏನೂ ಮಾತಾಡುವುದಿಲ್ಲ ಎನ್ನುವುದು ನನ್ನ ತಕರಾರು.

ಹೊತ್ತು ಸಡಿಲಿಸುವ ಯೋಚನೆ 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಹುಟ್ಟಿದ್ದಲ್ಲ. ಜರ್ಮನಿಯಲ್ಲಿ ಕ್ರಿಸ್ಟಲ್ ಕಾಮೆರರ್ ಎಂಬ ಮಹಿಳೆ 1960ರ ದಶಕದಲ್ಲೇ ಇದನ್ನು ಮುಂದಿಟ್ಟಿದ್ದರು. 1967ರಲ್ಲಿ ಮ್ಯೂನಿಕ್ ಹತ್ತಿರದ ಒಟ್ಟೊಬ್ರುನ್ ಎಂಬಲ್ಲಿನ ವಿಮಾನ ಕಂಪನಿಯೊಂದು ಅದನ್ನು ಜಾರಿಗೆ ತಂದಿತು. ಅಲ್ಲಿನ ತೊಂದರೆ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ಹೊರಟು ರಸ್ತೆ ಕಟ್ಟಿಕೊಳ್ಳುತ್ತಿತ್ತು, ಜನ ತಡವಾಗಿ ಬರುತ್ತಿದ್ದರು. ಅದಕ್ಕೆ ಅವರು ಕಂಡುಕೊಂಡ ದಾರಿ: ದಿನದ ನಡುವಿನ ಕೆಲವು ಗಂಟೆ ಎಲ್ಲರೂ ಇರಲೇಬೇಕು, ಅದರ ಹಿಂದೆ ಮುಂದೆ ಬರುವುದು ಹೋಗುವುದು ಅವರವರಿಗೆ ಬಿಟ್ಟದ್ದು. ಆ ನಿಯಮ ತಾಯಂದಿರಿಗೆಂದು, ಹುಡುಗರಿಗೆಂದು, ಹಿರಿಯರಿಗೆಂದು ಬೇರೆ ಬೇರೆ ಇರಲಿಲ್ಲ. ಎಲ್ಲರೂ ಒಟ್ಟಿಗೆ ಇರಲೇಬೇಕಾದ ಹೊತ್ತು ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿ, ಉಳಿದದ್ದನ್ನು ಸಡಿಲ ಬಿಟ್ಟರು. ಹೊರ ವರ್ತುಲ ರಸ್ತೆಯಲ್ಲಿ ಒಂಬತ್ತೂವರೆಗೆ ಸಿಕ್ಕಿಕೊಂಡು ಕೂರುವವರಿಗೆ ಈ ಕ್ರಮದ ಬೆಲೆ ಗೊತ್ತು.

ನಾನು ಈ ಅಂಕಣ ಬರೆಯಲು ತೊಡಗುವ ಮುಂಚೆ ಪೀಣ್ಯದ ಕಾರ್ಖಾನೆಯೊಂದರ ಪರ್ಸನಲ್ ಸೆಕ್ಷನ್‌ನಲ್ಲಿದ್ದೆ. ಅಲ್ಲಿ ಫ್ಲೆಕ್ಸಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಆರು, ಮೂರು ಪಾಳಿ. ಯಂತ್ರ ನಿಲ್ಲುವಂತಿಲ್ಲ, ಮನೆಯಿಂದ ಕೆಲಸ ಎಂಬ ಮಾತೇ ಇಲ್ಲ. ಆದರೂ ಅಲ್ಲಿ ಪಾಳಿ ಅದಲುಬದಲಿನ ಒಂದು ಉದ್ದನೆಯ ಪುಸ್ತಕವಿತ್ತು. ಎಡಗಡೆ ಅರ್ಜಿದಾರರ ಟೋಕನ್ ನಂಬರು, ಈಗಿರುವ ಪಾಳಿ, ಬೇಕಾದ ಪಾಳಿ. ಬಲಗಡೆ ಬದಲಿಗೆ ಬರುವವರ ಟೋಕನ್ ನಂಬರು, ಇಬ್ಬರ ಸಹಿ, ಕೊನೆಯ ಕಾಲಂನಲ್ಲಿ ಸೂಪರ್‌ವೈಸರ್ ಸಹಿ. ಗೌರಿ ಗಣೇಶ ಹಬ್ಬದ ವಾರ ಮತ್ತು ರಾಗಿ ಕೊಯ್ಲಿನ ತಿಂಗಳಲ್ಲಿ ಪುಟಗಳು ಬೇಗ ತುಂಬುತ್ತಿದ್ದವು. ಮಾಗಡಿ, ಕುಣಿಗಲ್ ಕಡೆಯವರು ಹಗಲು ಹೊಲದಲ್ಲಿದ್ದು ರಾತ್ರಿ ಪಾಳಿಗೆ ಬರಲು ಹೊಂದಿಸಿಕೊಳ್ಳುತ್ತಿದ್ದರು.

ಆ ಪುಸ್ತಕ ನೋಡುತ್ತ ನೋಡುತ್ತ ವಯಸ್ಸಿನ ಲೆಕ್ಕಾಚಾರದ ಮೇಲಿನ ನಂಬಿಕೆ ನನ್ನಲ್ಲಿ ಸಡಿಲವಾಯಿತು. ವಯಸ್ಸಾದವರು ರಾತ್ರಿ ಪಾಳಿ ತಪ್ಪಿಸಿಕೊಳ್ಳಲು ನೋಡುತ್ತಾರೆ, ಹುಡುಗರು ಭತ್ಯೆಗಾಗಿ ಅದನ್ನೇ ಕೇಳುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಬಹಳಷ್ಟು ಸಲ ಅದು ನಿಜವೂ ಆಗಿತ್ತು. ಆದರೆ ಸಂಜೆ ಕಾಲೇಜಿಗೆ ಹೋಗುವ ಹುಡುಗರಿಗೆ ಮೊದಲ ಪಾಳಿಯೇ ಬೇಕಿತ್ತು, ರಾತ್ರಿ ಪಾಳಿ ಹಾಕಿದರೆ ಮರುಸಂಜೆ ತರಗತಿಯಲ್ಲಿ ತೂಕಡಿಕೆ. ಐವತ್ತು ದಾಟಿದ ಲೇತ್ ಆಪರೇಟರ್ ಒಬ್ಬರು ತಿಂಗಳುಗಟ್ಟಲೆ ರಾತ್ರಿ ಪಾಳಿಯನ್ನೇ ಬೇಡಿ ಬರೆಯುತ್ತಿದ್ದರು. ಹೆಂಡತಿಯನ್ನು ವಾರಕ್ಕೆ ಮೂರು ಹಗಲು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. "ಮೇಡಂ, ನಿದ್ದೆ ಆಸ್ಪತ್ರೆ ಬೆಂಚಿನ ಮೇಲೂ ಆಗುತ್ತೆ, ಹಗಲು ಮಾತ್ರ ನನಗೆ ಬಿಟ್ಟುಕೊಡಿ" ಎಂದಿದ್ದರು. ವಯಸ್ಸಾದವರಿಗೆ ರಾತ್ರಿ ಪಾಳಿ ಇಲ್ಲ ಎಂಬ ಕರುಣೆಯ ನಿಯಮವೊಂದಿದ್ದರೆ ಮೊದಲು ತೊಂದರೆಗೆ ಬೀಳುತ್ತಿದ್ದವರು ಅವರೇ.

ಈಗ ಕಂಪ್ಯೂಟರ್ ಕೆಲಸಕ್ಕೆ ಬರೋಣ. ಮನೆಯಿಂದ ಕೆಲಸದ ಬಗ್ಗೆ ಹೆಚ್ಚು ಎಚ್ಚರದಿಂದ ನಡೆದ ಪ್ರಯೋಗಗಳಲ್ಲಿ ಎರಡು ಚೀನಾದ ಒಂದೇ ಪ್ರವಾಸ ಕಂಪನಿಯಲ್ಲಿ ನಡೆದವು. ಆಗ ಸಿಟ್ರಿಪ್ ಎಂದಿದ್ದ ಅದರ ಹೆಸರು ಈಗ ಟ್ರಿಪ್ ಡಾಟ್ ಕಾಮ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು 2010ರ ಕೊನೆಯಲ್ಲಿ ಅದರ ಶಾಂಘೈ ಕಾಲ್ ಸೆಂಟರ್‌ನಲ್ಲಿ ಇಷ್ಟಪಟ್ಟು ಮುಂದೆ ಬಂದವರನ್ನು ಎರಡು ಗುಂಪು ಮಾಡಿದರು. ಹುಟ್ಟಿದ ತಾರೀಖು ಸಮಸಂಖ್ಯೆಯಾದವರು ವಾರಕ್ಕೆ ನಾಲ್ಕು ದಿನ ಮನೆಯಿಂದ, ಬೆಸಸಂಖ್ಯೆಯವರು ಎಂದಿನಂತೆ ಆಫೀಸಿನಿಂದ. ಒಂಬತ್ತು ತಿಂಗಳಲ್ಲಿ ಮನೆಯಿಂದ ಮಾಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು, ಕೆಲಸ ಬಿಟ್ಟುಹೋಗುವವರು ಅರ್ಧಕ್ಕೆ ಇಳಿದರು. ಮನೆಯಿಂದ ಕೆಲಸದ ಪರ ಮಾತಾಡುವವರೆಲ್ಲ ಇದನ್ನು ಎತ್ತಿ ಹೇಳುತ್ತಾರೆ. ಮುಂದಿನ ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ. ಪ್ರಯೋಗ ಮುಗಿದು ಆಯ್ಕೆ ಅವರಿಗೇ ಬಿಟ್ಟಾಗ, ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಫೀಸಿಗೆ ವಾಪಸು ಬಂದರು. ಒಂಟಿತನ ಒಂದು ಮುಖ್ಯ ಕಾರಣವಾಗಿತ್ತು. ಮಾಡಿದ ಕೆಲಸಕ್ಕೆ ತಕ್ಕಂತೆ ನೋಡಿದರೆ, ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತ್ತು ಎಂಬುದೂ ತಿಳಿದುಬಂತು. ಆ ಕಾಲ್ ಸೆಂಟರ್‌ನ ನೌಕರರು ಬಹುತೇಕ ಇಪ್ಪತ್ತರ ಆಸುಪಾಸಿನವರು. ಹುಡುಗರಿಗೆ ಆಫೀಸೇ ಬೇಡ ಎನ್ನುವವರು ಇದನ್ನು ಗಮನಿಸಬೇಕು.

ಎರಡನೆಯದು 2021 ಮತ್ತು 2022ರಲ್ಲಿ ನಡೆಯಿತು. ಈ ಸಲ 1,612 ನೌಕರರು, ವಾರದಲ್ಲಿ ಎರಡು ದಿನ ಮಾತ್ರ ಮನೆಯಿಂದ. ರಾಜೀನಾಮೆಗಳು ಮೂರನೇ ಒಂದು ಭಾಗದಷ್ಟು ಇಳಿದವು. ಅದರಲ್ಲೂ ಹೆಂಗಸರಲ್ಲಿ, ದೂರದಿಂದ ಬರುವವರಲ್ಲಿ, ಮ್ಯಾನೇಜರ್ ಅಲ್ಲದವರಲ್ಲಿ ಇಳಿಕೆ ಎದ್ದು ಕಂಡಿತು. ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಬರಲಿಲ್ಲ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನದ ಮೇಲೆ ನನಗೆ ಹೆಚ್ಚು ಭರವಸೆಯಿದೆ. ಒಂದಿಷ್ಟು ದಿನ ಜೊತೆಗೆ, ಒಂದಿಷ್ಟು ದಿನ ಮನೆಯಲ್ಲಿ ಎಂಬ ಏರ್ಪಾಡು ಯಾವ ವಯಸ್ಸಿನವರನ್ನೂ ಪೂರ್ತಿ ಒಂಟಿ ಮಾಡುವುದಿಲ್ಲ.

ಆದರೆ "ಒಂದಿಷ್ಟು ದಿನ ಜೊತೆಗೆ" ಎಂದರೆ ಯಾರ ಜೊತೆಗೆ? ನನ್ನ ಅಕ್ಕನ ಮಗಳು ಸಾಫ್ಟ್‌ವೇರ್ ಪರೀಕ್ಷೆಯ ಕೆಲಸಕ್ಕೆ ಸೇರಿದ್ದು 2021ರಲ್ಲಿ. ಮೊದಲ ವರ್ಷ ಪೂರ್ತಿ ಹಾಸನದ ಮನೆಯ ಮಹಡಿ ಕೋಣೆಯಲ್ಲೇ ಕಳೆಯಿತು. ಊಟ ತಿಂಡಿಗೆ ಕೊರತೆಯಿಲ್ಲ, ಬಾಡಿಗೆಯ ಖರ್ಚಿಲ್ಲ, ಮನೆಯವರಿಗೆಲ್ಲ ಸಂತೋಷ. ಅವಳ ಕಷ್ಟ ಯಾರಿಗೂ ಕಾಣುವಂಥದ್ದಾಗಿರಲಿಲ್ಲ. "ಚಿಕ್ಕಮ್ಮ, ಪಕ್ಕದಲ್ಲಿ ಯಾರಾದ್ರೂ ಕೂತಿದ್ರೆ ಒಂದ್ಸಲ ತಿರುಗಿ ಕೇಳಿಬಿಡ್ತಿದ್ದೆ. ಇಷ್ಟು ಚಿಕ್ಕದಕ್ಕೆ ಕಾಲ್ ಮಾಡೋದು ಹೇಗೆ? ಮೆಸೇಜ್ ಟೈಪ್ ಮಾಡ್ತೀನಿ, ದಡ್ಡಿ ಅಂದ್ಕೊಳ್ತಾರೇನೋ ಅಂತ ಅಳಿಸ್ತೀನಿ, ಆಮೇಲೆ ಅದನ್ನೇ ಹುಡುಕ್ತಾ ಮಧ್ಯಾಹ್ನ ಕಳೆದುಹೋಗುತ್ತೆ" ಎಂದು ಹೇಳಿಕೊಂಡಿದ್ದಳು. ಆಮೇಲೆ ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸಿಗೆ ಬನ್ನಿ ಎಂದರು. ಪಿ.ಜಿ. ಹಿಡಿದಳು, ಬಸ್ಸಿನಲ್ಲಿ ನಿಂತು ಹೋದಳು. ಅಲ್ಲಿ ನೋಡಿದರೆ ಅವಳಿಗೆ ಕಲಿಸಬೇಕಾದವರು ಮನೆಯಲ್ಲಿ! ಆಫೀಸಿನ ಮೇಜಿನ ಮುಂದೆ ಕೂತು, ಇಯರ್‌ಫೋನ್ ಹಾಕಿಕೊಂಡು, ಹಾಸನದಲ್ಲಿ ಮಾಡುತ್ತಿದ್ದ ಅದೇ ವಿಡಿಯೊ ಕಾಲ್ ಅನ್ನು ಬೆಂಗಳೂರಿನಲ್ಲಿ ಮಾಡಿದಳು.

ನನಗೆ ಸಿಟ್ಟು ಬರುವುದು ಇಂಥ ಏರ್ಪಾಡಿನ ಮೇಲೆ. ಹೊಸಬರನ್ನು ಕರೆಸಿಕೊಳ್ಳುವುದು ಹಾಜರಾತಿ ತುಂಬಿಸಲಿಕ್ಕೆ ಎಂದಾದರೆ ಅವರ ದುಡ್ಡು, ಹೊತ್ತು ಎರಡೂ ವ್ಯರ್ಥ. ಅಮೆರಿಕದ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಎಂಜಿನಿಯರ್‌ಗಳನ್ನು ನಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್, ಅಮಾಂಡಾ ಪಾಲೈಸ್ ಎಂಬ ಮೂವರು ಅರ್ಥಶಾಸ್ತ್ರಜ್ಞೆಯರು ಅಧ್ಯಯನ ಮಾಡಿದ್ದಾರೆ. ತಂಡದವರ ಹತ್ತಿರವೇ ಕೂರುತ್ತಿದ್ದವರಿಗೆ ತಾವು ಬರೆದ ಕೋಡ್ ಮೇಲೆ ಹೆಚ್ಚು ಸಲಹೆ, ತಿದ್ದುಪಡಿ ಸಿಗುತ್ತಿತ್ತು. ಕೋವಿಡ್‌ನಲ್ಲಿ ಎಲ್ಲರೂ ಮನೆ ಸೇರಿದ ಮೇಲೆ ಆ ಅನುಕೂಲ ಬಹುಮಟ್ಟಿಗೆ ಇಲ್ಲವಾಯಿತು. ಹೆಚ್ಚು ಕಳೆದುಕೊಂಡವರು ಕಿರಿಯರು, ಅದರಲ್ಲೂ ಹೆಣ್ಣುಮಕ್ಕಳು. ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಹಿರಿಯರ ಪರವಾಗಿ ಹೇಳಲೇಬೇಕು. ಜೂನಿಯರ್‌ಗಳ ಹತ್ತಿರ ಕೂತಾಗ ಅನುಭವಿಗಳ ಸ್ವಂತ ಕೆಲಸ ಕಡಿಮೆಯಾಗುತ್ತಿತ್ತು, ಕಲಿಸುವುದರಲ್ಲಿ ಹೊತ್ತು ಹೋಗುತ್ತಿತ್ತು. ಮನೆಯಲ್ಲಿದ್ದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಅವರ ವಾರ್ಷಿಕ ಮೌಲ್ಯಮಾಪನದಲ್ಲಿ ಎಷ್ಟು ಕೋಡ್ ಬರೆದರು, ಎಷ್ಟು ಫೈಲ್ ಮುಗಿಸಿದರು ಎಂಬುದಕ್ಕೆ ಅಂಕ ಉಂಟು. ಎಷ್ಟು ಜನರಿಗೆ ಕಲಿಸಿದರು ಎಂಬುದಕ್ಕೂ ಅಂಕ ಕೊಡಿ, ಆಗ ಅವರು ಆಫೀಸಿಗೆ ಬರಲು ಇಷ್ಟು ಹಿಂದೇಟು ಹಾಕುವುದಿಲ್ಲ ಎಂದು ನನಗನ್ನಿಸುತ್ತದೆ.

ನಡುವಯಸ್ಸಿನವರ ಪಾಡು ಇನ್ನೊಂದು ಬಗೆಯದು. ಮಗಳ ಎಸ್ಸೆಸ್ಸೆಲ್ಸಿ, ಶಿವಮೊಗ್ಗದಲ್ಲಿ ಒಬ್ಬರೇ ಇರುವ ತಾಯಿ, ಮಧುಮೇಹದ ತಪಾಸಣೆ, ಗೃಹಸಾಲದ ಕಂತು ಎಲ್ಲ ಒಂದೇ ವರ್ಷದಲ್ಲಿ ಬಂದು ನಿಲ್ಲುತ್ತವೆ. ಇಂಥವರಿಗೆ ನಮ್ಮ ಕಾನೂನು ಏನು ಕೊಟ್ಟಿದೆ ಎಂದು ಕೇಳುವವರಿಗೆ ಉತ್ತರ ಚಿಕ್ಕದು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ವೇತನಸಹಿತ ರಜೆಯನ್ನು 26 ವಾರಕ್ಕೆ ಏರಿಸಿತು. ಕೆಲಸದ ಸ್ವರೂಪ ಅನುವು ಮಾಡಿಕೊಟ್ಟರೆ, ರಜೆ ಮುಗಿದ ಮೇಲೂ ಮಾಲೀಕರೂ ನೌಕರಳೂ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ಕೆಲಸ ಮಾಡಬಹುದು ಎಂದಿತು. ಒಳ್ಳೆಯದೇ. ಆದರೆ ಒಪ್ಪಿಗೆ ಮಾಲೀಕರ ಕೈಯಲ್ಲಿದೆ, ಸೌಲಭ್ಯ ತಾಯಂದಿರಿಗೆ ಮಾತ್ರ. ಮಗುವನ್ನು ನೋಡಿಕೊಳ್ಳಬೇಕಾದ ತಂದೆ, ಅತ್ತೆಯ ಶುಶ್ರೂಷೆ ಮಾಡಬೇಕಾದ ಸೊಸೆ ಇದರಲ್ಲಿ ಇಲ್ಲ.

ತಾಯಂದಿರಿಗೆ ಮಾತ್ರ ಎಂದಿಟ್ಟಾಗ ಇನ್ನೊಂದು ಕೆಡುಕೂ ಆಗುತ್ತದೆ. ಮದುವೆಯಾದ ಹೆಣ್ಣುಮಗಳನ್ನು ಕೆಲಸಕ್ಕೆ ತೆಗೆದುಕೊಂಡರೆ ನಾಳೆ ಇದನ್ನೆಲ್ಲ ಕೊಡಬೇಕಲ್ಲ ಎಂದು ಮಾಲೀಕರು ಸಂದರ್ಶನದಲ್ಲೇ ಲೆಕ್ಕ ಹಾಕುತ್ತಾರೆ. ಬ್ರಿಟನ್ ಈ ಹಾದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಡೆದು ಬಂದಿದೆ. ಕೆಲಸದ ಹೊತ್ತು ಬದಲಿಸಿಕೊಡಿ ಎಂದು ಕೇಳುವ ಹಕ್ಕು 2003ರಲ್ಲಿ ಆರು ವರ್ಷದೊಳಗಿನ ಮಕ್ಕಳ ಮತ್ತು ಅಂಗವಿಕಲ ಮಕ್ಕಳ ತಂದೆ ತಾಯಿಗೆ ಮಾತ್ರ ಇತ್ತು. 2014ರಲ್ಲಿ ಆರು ತಿಂಗಳು ಸೇವೆ ಮುಗಿಸಿದ ಎಲ್ಲ ನೌಕರರಿಗೂ ಬಂತು. 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಬಹುದು. ಕಾರಣ ಹೇಳಬೇಕಾಗಿಲ್ಲ, ವಯಸ್ಸು ಲೆಕ್ಕಕ್ಕಿಲ್ಲ. ಮಾಲೀಕರು ಎರಡು ತಿಂಗಳೊಳಗೆ ತೀರ್ಮಾನ ಹೇಳಬೇಕು. ಇಲ್ಲ ಎನ್ನುವುದಾದರೆ ಕಾನೂನು ಪಟ್ಟಿ ಮಾಡಿರುವ ಎಂಟು ಕಾರಣಗಳಲ್ಲಿ ಒಂದನ್ನಾದರೂ ತೋರಿಸಬೇಕು, ಅದಕ್ಕೂ ಮುಂಚೆ ನೌಕರರನ್ನು ಕೂರಿಸಿ ಮಾತಾಡಬೇಕು. ಇದು ಕೇಳುವ ಹಕ್ಕು, ಸಿಕ್ಕೇ ಸಿಗುತ್ತದೆ ಎಂಬ ಭರವಸೆಯಲ್ಲ. ಆದರೂ ಮ್ಯಾನೇಜರ್ ಮುಖ ನೋಡಿ, ಅವರು ಖುಷಿಯಲ್ಲಿದ್ದಾಗ ಹೋಗಿ ಬೇಡಿಕೊಳ್ಳುವ ನಮ್ಮ ಪದ್ಧತಿಗಿಂತ ಎಷ್ಟೋ ಮೇಲು. ನಮ್ಮಲ್ಲಿ ಸಡಿಲಿಕೆ ಬಹುಪಾಲು ಉಪಕಾರವಾಗಿ ಸಿಗುತ್ತದೆ. ಉಪಕಾರ ಪಡೆದವರು ಬಡ್ತಿ ಕೇಳಲು ಹಿಂಜರಿಯುತ್ತಾರೆ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ವಿಷಯದಲ್ಲಿ ಸಡಿಲಿಕೆಗಿಂತ ಮುಂಚೆ ಖಚಿತತೆ ಬೇಕು. ಇವತ್ತು ಓ.ಟಿ. ಇದೆ ಎಂದು ಸಂಜೆ ಐದಕ್ಕೆ ಹೇಳಿದರೆ ಅಂಗನವಾಡಿಯಿಂದಲೋ ಶಾಲೆಯಿಂದಲೋ ಬಂದ ಮಗುವಿನ ಗತಿ ಏನು? ಮುಂದಿನ ವಾರದ ಹೊತ್ತು ಈ ವಾರವೇ ಗೊತ್ತಾಗಬೇಕು. ಇದಕ್ಕೆ ಯಾವ ತಂತ್ರಜ್ಞಾನವೂ ಬೇಕಿಲ್ಲ, ನೋಟಿಸ್ ಬೋರ್ಡ್ ಸಾಕು.

ಇನ್ನು ನಿವೃತ್ತಿಯ ಅಂಚಿನವರು. ನಮ್ಮಲ್ಲಿ ಅರವತ್ತರ ಹಿಂದಿನ ದಿನದವರೆಗೆ ಪೂರ್ತಿ ಕೆಲಸ, ಮರುದಿನದಿಂದ ಏನೂ ಇಲ್ಲ. ಹಾರ ಹಾಕಿ ಶಾಲು ಹೊದೆಸಿ ಕಳಿಸುತ್ತೇವೆ. ಮೂವತ್ತು ವರ್ಷ ಅವರು ಕಂಡ ಯಂತ್ರದ ಸದ್ದು, ಹಳೆಯ ಗ್ರಾಹಕರ ಪರಿಚಯ ಎಲ್ಲ ಅವರೊಂದಿಗೇ ಗೇಟು ದಾಟುತ್ತದೆ. ಜಪಾನ್‌ನಲ್ಲಿ ಕೆಲಸ ಮಾಡಬಯಸುವವರಿಗೆ 65ರವರೆಗೆ ಅವಕಾಶ ಒದಗಿಸುವುದು ಕಂಪನಿಗಳ ಹೊಣೆ. 2021ರ ಏಪ್ರಿಲ್‌ನಿಂದ 70ರವರೆಗೂ ಪ್ರಯತ್ನ ಮಾಡಬೇಕೆಂದು ಕಾನೂನು ಹೇಳುತ್ತದೆ. ಅರವತ್ತರ ನಂತರ ಕಡಿಮೆ ಸಂಬಳದ, ವರ್ಷ ವರ್ಷ ನವೀಕರಿಸುವ ಕರಾರು ಅಲ್ಲಿ ಸಾಮಾನ್ಯ, ಅದರ ಬಗ್ಗೆ ಅಸಮಾಧಾನವೂ ಇದೆ. ಆದರೂ ಕೊನೆಯ ವರ್ಷಗಳಲ್ಲಿ ಕೆಲಸವನ್ನು ನಿಧಾನವಾಗಿ ಇಳಿಸುತ್ತ ಬರುವ ಒಂದು ದಾರಿ ಅಲ್ಲಿ ತೆರೆದಿದೆ.

ನಮ್ಮಲ್ಲೂ ಐವತ್ತೈದರ ಮೇಲೆ ವಾರಕ್ಕೆ ಮೂರು ದಿನದ ಕೆಲಸ ಕೊಡಿ ಎಂದು ಕೇಳುವವರಿದ್ದಾರೆ, ಕೊಡಲು ಸಿದ್ಧವಿರುವ ಕಂಪನಿಗಳೂ ಇವೆ. ಇಬ್ಬರೂ ಎಡವುವುದು ಗ್ರಾಚ್ಯುಟಿಯಲ್ಲಿ. ಪೂರ್ತಿಯಾದ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ಸಂಬಳ, ಅದೂ ಕೊನೆಯಲ್ಲಿ ಪಡೆದ ಸಂಬಳದ ದರದಲ್ಲಿ ಎಂಬುದು ನಿಯಮ. ತಿಂಗಳನ್ನು 26 ದಿನವೆಂದು ಎಣಿಸುತ್ತಾರೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 52,000 ರೂಪಾಯಿ ಇದ್ದು ಮೂವತ್ತು ವರ್ಷ ದುಡಿದವರಿಗೆ ವರ್ಷಕ್ಕೆ 30,000ದಂತೆ 9 ಲಕ್ಷ ಬರುತ್ತದೆ. ಅದೇ ಮನುಷ್ಯ ಕೊನೆಯ ಎರಡು ವರ್ಷ ಅರ್ಧ ದಿನದ ಕೆಲಸಕ್ಕೆ ಒಪ್ಪಿ ಸಂಬಳ 26,000ಕ್ಕೆ ಇಳಿದರೆ, ಮೂವತ್ತೂ ವರ್ಷಕ್ಕೆ ಆ ಇಳಿದ ದರವೇ ಲೆಕ್ಕಕ್ಕೆ ಬಂದು ಕೈಗೆ ಸಿಗುವುದು ನಾಲ್ಕೂವರೆ ಲಕ್ಷ. ಇಪ್ಪತ್ತೆಂಟು ವರ್ಷ ಪೂರ್ತಿ ದುಡಿದದ್ದು ಅರ್ಧ ದುಡಿಮೆಯಂತೆ ಆಗಿಬಿಡುತ್ತದೆ. ಅಂಗವೈಕಲ್ಯ ಬಂದು ಕಡಿಮೆ ಸಂಬಳದ ಕೆಲಸಕ್ಕೆ ಹೋದವರಿಗೆ ಕಾನೂನು ಎರಡು ಕಾಲವನ್ನೂ ಬೇರೆ ಬೇರೆ ದರದಲ್ಲಿ ಲೆಕ್ಕ ಹಾಕುತ್ತದೆ. ವಯಸ್ಸಾಗಿ ಹೊತ್ತು ಇಳಿಸಿಕೊಂಡವರಿಗೂ ಅದೇ ಲೆಕ್ಕ ಬರಬೇಕೆಂದು ಕಾರ್ಮಿಕ ಸಂಘಗಳು ಕೇಳಬೇಕು. ಅದು ಬರುವವರೆಗೆ, ನಿಯಮಕ್ಕಿಂತ ಹೆಚ್ಚು ಕೊಡಲು ಕಂಪನಿಗೆ ಅಡ್ಡಿಯಿಲ್ಲ. ಲಿಖಿತ ಒಪ್ಪಂದವೊಂದಿದ್ದರೆ ಸಾಕು.

ಎಚ್‌ಆರ್‌ನವರಿಗೆ ನಾನು ಹೇಳುವುದು ಇಷ್ಟು. ವಯಸ್ಸಿನ ಕಾಲಂ ಅಳಿಸಿ. ಪ್ರತಿ ತಂಡವೂ ವಾರದಲ್ಲಿ ಎರಡು ದಿನವನ್ನು ತಾನೇ ಗೊತ್ತುಮಾಡಲಿ, ಆ ದಿನ ಕಲಿಯುವವರು ಬರುವಂತೆ ಕಲಿಸುವವರೂ ಬರಲಿ, ಮ್ಯಾನೇಜರ್ ಮೊದಲು ಬರಲಿ. ಆ ಎರಡು ದಿನ ಹಿರಿಯರ ಸ್ವಂತ ಕೆಲಸದ ಗುರಿಯನ್ನು ಇಳಿಸಿ. ಉಳಿದ ದಿನಗಳಿಗೆ ಯಾರು ಬೇಕಾದರೂ ಅರ್ಜಿ ಹಾಕಲಿ, ನಿರಾಕರಿಸಿದರೆ ಕಾರಣ ಬರೆದು ಕೊಡಿ.

ಅರ್ಜಿ ಹಾಕುವವರಿಗೂ ಒಂದೆರಡು ಮಾತು. ಮನೆಯ ಕಷ್ಟವನ್ನೆಲ್ಲ ಪುಟಗಟ್ಟಲೆ ಬರೆಯಬೇಡಿ. ಯಾವ ದಿನ, ಯಾವ ಹೊತ್ತು ಸಡಿಲಿಕೆ ಬೇಕು, ಆ ಹೊತ್ತಿನ ಯಾವ ಕೆಲಸವನ್ನು ಯಾವಾಗ ಮುಗಿಸಿಕೊಡುತ್ತೀರಿ, ತುರ್ತಿದ್ದಾಗ ನಿಮ್ಮನ್ನು ಹಿಡಿಯುವುದು ಹೇಗೆ ಎಂಬುದನ್ನು ಬರೆಯಿರಿ. ಮೂರು ತಿಂಗಳ ಪ್ರಯೋಗವೆಂದು ಕೇಳಿದರೆ ಒಪ್ಪಿಗೆ ಸುಲಭ. ಐವತ್ತೈದು ದಾಟಿದವರು ಹೊತ್ತಿನ ಜೊತೆ ಸಂಬಳವೂ ಇಳಿಯುವ ಕಾಗದಕ್ಕೆ ಸಹಿ ಹಾಕುವ ಮುಂಚೆ, ಈವರೆಗಿನ ಸೇವೆಯ ಗ್ರಾಚ್ಯುಟಿಯನ್ನು ಈಗಿನ ಸಂಬಳದ ದರದಲ್ಲೇ ಎಣಿಸಲಾಗುವುದು ಎಂಬ ಸಾಲನ್ನು ಅದೇ ಕಾಗದದಲ್ಲಿ ಬರೆಸಿಕೊಳ್ಳಿ.